ಕಾಸು ಕೊಟ್ಟರೂ ಸಿಗದ ಕಾಲರ್

ಫಾಕ್ಸ್‌ಹಂಟಿಂಗ್ (ಕುದುರೆ ಏರಿ, ನಾಯಿಗಳ ಹಿಂಡಿನ ಜೊತೆ ಆಡುವ ನರಿ ಬೇಟೆ) ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಕೆಂಪು ಕೋಟು. ಹಳೇ ಕ್ಲಬ್ಬುಗಳ ಗೋಡೆ ಮೇಲೆ, ಬಿಸ್ಕತ್ತಿನ ಡಬ್ಬಿ ಮೇಲೆ ಆ ಚಿತ್ರ ನೋಡಿಯೇ ಇರುತ್ತೀರಿ. ಮುಂದೆ ನಾಯಿಗಳ ಹಿಂಡು, ಹಿಂದೆ ಬೇಲಿ ಹಾರುತ್ತಿರುವ ಕುದುರೆ, ಅದರ ಮೇಲೊಬ್ಬ ಕೆಂಪು ಕೋಟಿನ ದೊರೆ. ವರ್ಜೀನಿಯಾಕ್ಕೆ ಬಂದ ಹೊಸದರಲ್ಲಿ ನಾನೂ ಕೋಟನ್ನೇ ನೋಡುತ್ತಿದ್ದೆ. ಈಗ ಮೊದಲು ಕಣ್ಣು ಹೋಗುವುದು ಕುತ್ತಿಗೆಯ ಕಡೆಗೆ. ಕಾಲರ್ ಯಾವ ಬಣ್ಣದ್ದು?

ಕೋಟು ಬೇಕಿದ್ದರೆ ದರ್ಜಿ ಹೊಲಿದುಕೊಡುತ್ತಾನೆ. ಆದರೆ ಅದಕ್ಕೆ ಹಂಟ್‌ನ, ಅಂದರೆ ಬೇಟೆ ಕ್ಲಬ್ಬಿನ ಬಣ್ಣದ ಕಾಲರ್ ಹಚ್ಚಿಸಿ, ಹಂಟ್‌ನ ಗುರುತಿರುವ ಗುಂಡಿ ಹಾಕಿಸಬೇಕೆಂದರೆ ಅದರ ಮುಖ್ಯಸ್ಥ, ಅಂದರೆ ಮಾಸ್ಟರ್ ಒಪ್ಪಬೇಕು. ಇದನ್ನೇ ಇಲ್ಲಿನವರು ಕಲರ್ಸ್ ಅನ್ನುತ್ತಾರೆ. ‘ಆಕೆಗೆ ಈ ಸಲ ಕಲರ್ಸ್ ಬಂತಂತೆ’ ಅಂತ ಒಬ್ಬರು ಹೇಳಿದರೆ ಉಳಿದವರು ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ವರ್ಷದ ಚಂದಾ ಕಟ್ಟಿದ ಮಾತ್ರಕ್ಕೆ ಅದು ಬರಲ್ಲ. ಅರ್ಜಿ ಇಲ್ಲ, ಪರೀಕ್ಷೆ ಇಲ್ಲ. ಕೇಳುವುದಂತೂ ಕೂಡದು. ಬರುವ ತನಕ ಸಾದಾ ಕಪ್ಪು ಕೋಟು, ಸಾದಾ ಗುಂಡಿ. ಅಮೆರಿಕದ ಹಳೇ ಪದ್ಧತಿಯ ಹಂಟ್‌ಗಳಲ್ಲಿ ಕಲರ್ಸ್ ಇಲ್ಲದ ಗಂಡಸು ಕೆಂಪು ಕೋಟನ್ನೂ ಹಾಕುವಂತಿಲ್ಲ.

ನಾವಿರುವುದು ಲೌಡನ್ ಕೌಂಟಿಯಲ್ಲಿ. ಇದರ ಪೂರ್ವದ ತುದಿಯ ಆಶ್‌ಬರ್ನ್‌ನಲ್ಲಿ ಎಲ್ಲಿ ನೋಡಿದರೂ ಡೇಟಾ ಸೆಂಟರ್, ಟೌನ್‌ಹೌಸ್. ದಿನಸಿ ಅಂಗಡಿಯಲ್ಲಿ ಸಾಲಿಗೆ ನಿಂತರೆ ಹಿಂದಿನಿಂದ ಕನ್ನಡ ಕಿವಿಗೆ ಬೀಳುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಅರ್ಧ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಮಿಡಲ್‌ಬರ್ಗ್. ಅಲ್ಲಿ ಕಲ್ಲಿನ ಗೋಡೆಗಳು, ಉದ್ದುದ್ದ ಹುಲ್ಲುಗಾವಲು, ಅಂಗಡಿ ಬೋರ್ಡುಗಳ ಮೇಲೆಲ್ಲ ನರಿ. ಒಂದೇ ಕೌಂಟಿ ಅಂದರೆ ನಂಬಿಕೆ ಬರಲ್ಲ. ಡಿಸೆಂಬರ್ ಮೊದಲ ಶನಿವಾರ ಊರಿನ ಮುಖ್ಯ ಬೀದಿಯಲ್ಲೇ ಮಿಡಲ್‌ಬರ್ಗ್ ಹಂಟ್‌ನವರು ನಾಯಿ, ಕುದುರೆ ಸಮೇತ ಮೆರವಣಿಗೆ ಬರುತ್ತಾರೆ. ನಮ್ಮ ಕಡೆಯವರು ಬಹಳ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋಗುತ್ತಾರೆ. ಚಳಿ ಜಾಸ್ತಿ, ಬಿಸಿ ಸೈಡರ್ ಕುಡಿದು ವಾಪಸ್ ಬರುತ್ತಾರೆ, ಅಷ್ಟೇ.

ನನಗೆ ಅಷ್ಟಕ್ಕೇ ಮುಗಿಯಲಿಲ್ಲ. ಮಗಳು ಕುದುರೆ ಸವಾರಿ ಕಲಿಯುವ ಲಾಯದಲ್ಲಿ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಪರಿಚಯವಾದರು. ಅವರ ಹಂಟ್ ದೊಡ್ಡ ಹೆಸರಿನದಲ್ಲ. ಸುಮಾರಾದ ಒಂದು ಕುದುರೆ, ತುಕ್ಕು ಹಿಡಿದ ಒಂದು ಟ್ರೇಲರ್, ಪಿಂಚಣಿ ದುಡ್ಡು. ಈ ಆಟ ಸಾಹುಕಾರರದ್ದು ಅಂದುಕೊಂಡಿದ್ದವಳು ನಾನು. ಸಾಹುಕಾರರೂ ಇದ್ದಾರೆ, ಬೇಕಾದಷ್ಟಿದ್ದಾರೆ. ಆದರೆ ಕಾಲರ್ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಈ ಟೀಚರ್.

ಮೊದಲು ಉಡುಪಿನ ಲೆಕ್ಕ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ. ಸವಾರರಲ್ಲಿ ಯಾರು ಯಾರು ಅಂತ ದೂರದಿಂದಲೇ ಹೇಳಬಹುದು. ಹಳೇ ರೂಢಿಯ ಪ್ರಕಾರ ಕೋಟಿನ ಮುಂದೆ 3 ಗುಂಡಿ ಇದ್ದರೆ ಸಾಮಾನ್ಯ ಸದಸ್ಯ, 4 ಇದ್ದರೆ ಮಾಸ್ಟರ್, 5 ಇದ್ದರೆ ಹಂಟ್ ಸಿಬ್ಬಂದಿ. ಸಿಬ್ಬಂದಿ ಅಂದರೆ ನಾಯಿಗಳನ್ನು ನಡೆಸುವ ಹಂಟ್ಸ್‌ಮನ್, ಅವನಿಗೆ ನೆರವಾಗುವ ವಿಪ್‌ಗಳು. ಟೋಪಿ ಹಿಂದಿನ ರಿಬ್ಬನ್ ಬಾಲ ಕೆಳಗೆ ಇಳಿಬಿದ್ದಿದ್ದರೆ ಸಿಬ್ಬಂದಿ, ಮೇಲಕ್ಕೆ ಮಡಚಿ ಹೊಲಿದಿದ್ದರೆ ಉಳಿದವರು. ಕುತ್ತಿಗೆಗೆ ಸುತ್ತುವ ಬಿಳಿ ಬಟ್ಟೆಗೆ ಸ್ಟಾಕ್ ಅಂತಾರೆ. ಅದು ಬರೀ ಚಂದಕ್ಕಲ್ಲ. ಬಿದ್ದು ಕೈ ಮುರಿದರೆ ಜೋಲಿಗೆ, ಕುದುರೆಗೆ ಗಾಯವಾದರೆ ಪಟ್ಟಿಗೆ ಅದೇ ಆಗಬೇಕು. ಅದರ ಪಿನ್ನನ್ನು ಅಡ್ಡಕ್ಕೇ ಚುಚ್ಚಬೇಕು, ಉದ್ದಕ್ಕೆ ಚುಚ್ಚಿದರೆ ಬಿದ್ದಾಗ ಗಂಟಲಿಗೆ ನಾಟೀತು. ನನಗೆ ಈ ತರದ ನಿಯಮಗಳು ಇಷ್ಟ. ಮೇಲ್ನೋಟಕ್ಕೆ ಶೋಕಿ, ಒಳಗೆ ಏನೋ ಒಂದು ಪೆಟ್ಟು ತಿಂದ ನೆನಪು.

ಕಾಲರ್ ಮಾತ್ರ ಈ ಲೆಕ್ಕಕ್ಕೆ ಸೇರಲ್ಲ. ಅದರಿಂದ ಯಾವ ಕೈಯೂ ಕಟ್ಟಲಾಗಲ್ಲ. ಹಾಗಾದರೆ ಯಾಕೆ?

ಶುರುವಾದದ್ದು ಇಂಗ್ಲೆಂಡಿನಲ್ಲಿ, ಊಟದ ಮೇಜಿನ ಸುತ್ತ ಅಂತಲೇ ಹೇಳಬಹುದು. ಚೆಷೈರ್‌ನಲ್ಲಿ 1762ರಲ್ಲಿ ಟಾರ್ಪೋರ್ಲಿ ಹಂಟ್ ಕ್ಲಬ್ ಅಂತ ಹುಟ್ಟಿತು. ಮೊದಲು ಮೊಲದ ಬೇಟೆ, ನೀಲಿ ಕೋಟು. ಆಮೇಲೆ ನರಿಯ ಕಡೆ ತಿರುಗಿದರು, ಕೋಟು ಕೆಂಪಾಯಿತು, ಅದಕ್ಕೆ ಹಸಿರು ಕಾಲರ್ ಬಂತು. ಕ್ಲಬ್ಬಿಗೆ ಆಯ್ದ ಕೆಲವರು ಮಾತ್ರ. ಹಸಿರು ಕಾಲರ್ ಕಂಡರೆ ಈತ ನಮ್ಮವನು ಅಂತ ಗೊತ್ತಾಗಬೇಕು, ಅಷ್ಟೇ ಉದ್ದೇಶ. ಪಿಚ್‌ಲಿ ಹಂಟ್‌ನವರದ್ದು ಬಿಳಿ ಕಾಲರ್. ಕೋಟೆಲ್ಲ ಕೆಂಪೇ ಇರಬೇಕು ಅಂತಲೂ ಇಲ್ಲ. ಬೋಫರ್ಟ್ ಡ್ಯೂಕರ ಹಂಟ್‌ನಲ್ಲಿ ಸದಸ್ಯರದ್ದು ನೀಲಿ ಕೋಟು, ಸಿಬ್ಬಂದಿಯದ್ದು ಹಸಿರು. ಬರ್ಕ್ಲಿಯಲ್ಲಿ ಸಿಬ್ಬಂದಿ ಹಳದಿ ಕೋಟು ಹಾಕುತ್ತಾರೆ. ದೊಡ್ಡ ಮನೆತನಗಳು ತಮ್ಮ ಆಳುಗಳಿಗೆ ಕೊಡುತ್ತಿದ್ದ ಸಮವಸ್ತ್ರದ ಬಣ್ಣಗಳಿವು. ಒಡೆಯನ ಬಣ್ಣ ಆಳಿನ ಮೈಮೇಲೆ. ಇದನ್ನು ನೆನೆದಾಗೆಲ್ಲ ನನಗೆ ಸ್ವಲ್ಪ ಇರುಸುಮುರುಸು. ಒಬ್ಬನಿಗೆ ಸಂಬಳದ ಜೊತೆ ಬಂದ ಬಣ್ಣವನ್ನು ಇನ್ನೊಬ್ಬ ಗೌರವ ಅಂತ ಕಾದು ಪಡೆಯುತ್ತಾನೆ.

ಅಟ್ಲಾಂಟಿಕ್ ದಾಟಿ ಬಂದ ಮೇಲೆ ಇದರ ಅರ್ಥ ಬೇರೆಯಾಯಿತು ಅನ್ನುವುದು ನನ್ನ ಅನಿಸಿಕೆ. ಬೇಟೆ ಇಲ್ಲಿಗೆ ಬಹಳ ಹಿಂದೆಯೇ ಬಂದಿತ್ತು. ಜಾರ್ಜ್ ವಾಷಿಂಗ್ಟನ್ ಮೌಂಟ್ ವರ್ನನ್‌ನಲ್ಲಿ ನರಿ ಬೇಟೆಗೆ ಹೋದದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ, ಅವರ ಫ್ರೆಂಚ್ ಗೆಳೆಯ ಲಫಾಯೆಟ್ 1785ರಲ್ಲಿ ಅವರಿಗೆ ಫ್ರಾನ್ಸಿನಿಂದ ನಾಯಿಗಳನ್ನು ಕಳಿಸಿದ್ದರು. ಮಾಸ್ಟರ್‌ಗಳ ಸಂಘ ಹುಟ್ಟಿದ್ದು 1907ರಲ್ಲಿ. ಯಾವ ಹಂಟ್ ಯಾವ ಪ್ರದೇಶದಲ್ಲಿ ಓಡಬೇಕು ಅನ್ನುವ ಗಡಿ, ಮರ್ಯಾದೆಗಳನ್ನೆಲ್ಲ ಅದು ನೋಡಿಕೊಳ್ಳುತ್ತದೆ.

ಗಡಿ ಅಂದೆನಲ್ಲ, ವಿಷಯ ಇರುವುದೇ ಅಲ್ಲಿ. ಹಂಟ್‌ಗೆ ಸ್ವಂತ ನೆಲ ಇಲ್ಲ ಅಂತಲೇ ಹೇಳಬಹುದು. ನಾಯಿಗೂಡು, ಅದರ ಸುತ್ತ ಒಂದಿಷ್ಟು ಜಾಗ, ಮುಗಿಯಿತು. ಸವಾರಿ ಮಾಡುವ ಸಾವಿರಾರು ಎಕರೆ ಬೇರೆಯವರದ್ದು. ರೈತರದ್ದು, ದನ ಸಾಕುವವರದ್ದು, ವಾರಾಂತ್ಯಕ್ಕೆ ಮಾತ್ರ ಬರುವ ವಕೀಲರದ್ದು. ಅವರು ಬಾಯಿಮಾತಿಗೆ ಒಪ್ಪಿದ್ದಾರೆ ಅಂತ ಹಂಟ್ ನಡೆಯುತ್ತಿದೆ. ಯಾವನೋ ಒಬ್ಬ ಗೇಟು ಮುಚ್ಚದೆ ಹೋಗಿ, ದನ ರಸ್ತೆಗೆ ಬಂದರೆ ಆ ಜಮೀನು ಕೈತಪ್ಪಿತು. ನಡುವಿನ ಒಂದು ಜಮೀನು ಹೋದರೆ ಅದರ ಆಚೆ ಈಚೆ ಇದ್ದದ್ದೂ ಹೋದಂತೆ. ನರಿಗೆ, ನಾಯಿಗೆ ಸರ್ವೆ ಕಲ್ಲು ಗೊತ್ತಾಗಲ್ಲವಲ್ಲ.

ಹಂಟ್‌ನ ಕಾಲರ್ ಹಾಕಿದವನು ಈ ನೆಲದಲ್ಲಿ ಗುರುತಾಗುತ್ತಾನೆ. ಕಪ್ಪು ಕೋಟಿನವನು ಬಿತ್ತಿದ ಗೋಧಿ ತುಳಿದುಕೊಂಡು ಹೋದರೆ ಯಾರೋ ಹೊಸಬ, ಅತಿಥಿ, ಗೊತ್ತಿಲ್ಲ ಬಿಡಿ ಅನ್ನಬಹುದು. ಬಣ್ಣ ಹಾಕಿದವನು ತುಳಿದರೆ ಹಂಟ್ ತುಳಿದ ಹಾಗೆ. ಮಾಸ್ಟರ್ ಹತ್ತಿರ ಇಲ್ಲದಾಗ ರೈತ ನಿಲ್ಲಿಸಿ ಬೈಯುವುದು ಆ ಕಾಲರನ್ನು ನೋಡಿಯೇ. ಆದ್ದರಿಂದಲೇ ಯಾರು ಚೆನ್ನಾಗಿ ಹಾರುತ್ತಾರೆ ಅಂತ ನೋಡಿ ಕಲರ್ಸ್ ಕೊಡುವುದಿಲ್ಲ. ಯಾರನ್ನು ನಂಬಿ ಬೇರೆಯವರ ಹೊಲದಲ್ಲಿ ಬಿಡಬಹುದು ಅಂತ ನೋಡಿ ಕೊಡುತ್ತಾರೆ. ನಾನು ಹಂಟ್ ಬಗ್ಗೆ ಕೇಳಿದ, ಓದಿದ ಎಲ್ಲದರಲ್ಲೂ ನನಗೆ ಸರಿ ಅನ್ನಿಸಿದ್ದು ಇದೊಂದು ವಿಚಾರ.

ಟೀಚರ್ ನನ್ನನ್ನು ಒಂದು ಕೆಲಸದ ದಿನಕ್ಕೆ ಕರೆದುಕೊಂಡು ಹೋಗಿದ್ದರು. ಆಗಸ್ಟ್ ತಿಂಗಳು, ಕುದುರೆ ಇಲ್ಲ, ಕೋಟು ಇಲ್ಲ. ಗರಗಸ, ಕತ್ತರಿ, ಕೀಟಗಳಿಗೆ ಹಚ್ಚಿಕೊಳ್ಳುವ ಸ್ಪ್ರೇ. ಕಾಡಿನ ದಾರಿಗೆ ಅಡ್ಡ ಬಿದ್ದ ಮರಗಳನ್ನು ತೆಗೆಯಬೇಕು, ಮುಳ್ಳುಗುಲಾಬಿಯ ಪೊದೆ ಕಡಿಯಬೇಕು. ಆ ಗಿಡದ ಮುಳ್ಳು ಕೈಗವಸನ್ನೂ ಬಿಡಲ್ಲ, ಬಾಗಿದ ಉಗುರಿನ ಹಾಗೆ ಹಿಡಿದು ಎಳೆಯುತ್ತದೆ. ಮಧ್ಯಾಹ್ನ ತಂತಿ ಬೇಲಿಯ ಮೇಲೆ ಕೂಪ್ ಕೂರಿಸುವ ಕೆಲಸ. ಕೂಪ್ ಅಂದರೆ ಎರಡೂ ಕಡೆ ಇಳಿಜಾರಾಗಿ ಹಲಗೆ ಹೊಡೆದ ತ್ರಿಕೋನ. ತಂತಿ ಕುದುರೆಗೆ ಸರಿಯಾಗಿ ಕಾಣಿಸಲ್ಲ, ಹಲಗೆ ಕಾಣಿಸುತ್ತದೆ. ಅದನ್ನು ನೋಡಿ ಹಾರುತ್ತದೆ. ದನ ಮಾತ್ರ ದಾಟಲ್ಲ. ಟೀಚರ್ ಮಂಡಿಯೂರಿ ಮೊಳೆ ಹೊಡೆಯುತ್ತಿದ್ದರು, ಬಾಯಲ್ಲಿ ಇನ್ನೆರಡು ಮೊಳೆ ಕಚ್ಚಿಕೊಂಡು. ಕೆಳಗಿನ ಹಲಗೆ ನೆಲಕ್ಕೆ ತಾಗಬಾರದು, ಕೊಳೆಯುತ್ತದೆ ಅಂತ ಒಂದು ಬೆರಳಿನಷ್ಟು ಸಂದು ಬಿಟ್ಟರು. ಹಾಗಂತ ಅವರಿಗೆ ಯಾರು ಹೇಳಿಕೊಟ್ಟರೋ. ಒಳ್ಳೆಯ ಕುದುರೆಗಳಿದ್ದ ಎಷ್ಟೋ ಸದಸ್ಯರು ಅವತ್ತು ಬಂದಿರಲಿಲ್ಲ.

ಇಂಥ ಕೆಲಸ ವರ್ಷವಿಡೀ ಇರುತ್ತದೆ. ಬೇಸಿಗೆಯಲ್ಲಿ ಬೆಳಗಾಗುವ ಮುಂಚೆ ನಾಯಿಗಳನ್ನು ನಡೆಸಬೇಕು. ಮರಿಗಳನ್ನು ಮನೆಗೆ ಕೊಂಡೊಯ್ದು ಸಾಕಿ, ದೊಡ್ಡದು ಮಾಡಿ, ಅತ್ತುಕೊಂಡು ವಾಪಸ್ ಕೊಡಬೇಕು. (ಅವನ್ನು ಡಾಗ್ಸ್ ಅಂದರೆ ಮುಖ ಸಿಂಡರಿಸುತ್ತಾರೆ, ಹೌಂಡ್ಸ್ ಅನ್ನಬೇಕು. ಎಣಿಸುವುದೂ ಜೋಡಿ ಲೆಕ್ಕದಲ್ಲೇ, 15 ಜೋಡಿ, ಹದಿನೈದೂವರೆ ಜೋಡಿ ಅಂತ.) ಕ್ರಿಸ್‌ಮಸ್ ಸಮಯಕ್ಕೆ ಜಮೀನಿನವರ ಮನೆಮನೆಗೆ ಹೋಗಿ ಏನಾದರೂ ತಿಂಡಿ, ಹಣ್ಣಿನ ಬುಟ್ಟಿ ಕೊಟ್ಟು ಮಾತಾಡಿಸಿ ಬರಬೇಕು. ಇದರ ಜೊತೆಗೆ ಬೇಟೆಯೂ ಗೊತ್ತಿರಬೇಕು. ಯಾವ ನಾಯಿಯ ದನಿ ನಂಬಬಹುದು, ಕೊಂಬಿನ ಯಾವ ಕೂಗಿಗೆ ಏನರ್ಥ, ನಾಯಿಗಳು ವಾಸನೆ ಹುಡುಕುವಾಗ ಎಲ್ಲಿ ಸುಮ್ನೆ ನಿಲ್ಲಬೇಕು. ಅರ್ಧಕ್ಕೆ ಮನೆಗೆ ಹೊರಟರೆ ಮಾಸ್ಟರ್‌ಗೆ ‘ಗುಡ್ ನೈಟ್’ ಹೇಳಿ ಹೋಗಬೇಕು, ಬೆಳಿಗ್ಗೆ 11 ಗಂಟೆಯಾಗಿದ್ದರೂ ಸರಿ. ಹೇಳದೆ ಹೋದರೆ ಎಲ್ಲೋ ಬಿದ್ದಿದ್ದಾರೆ ಅಂತ ಜನ ಹುಡುಕುತ್ತಾ ಕೂರಬೇಕಾಗುತ್ತದೆ.

ಟೀಚರ್‌ಗೆ ಕಲರ್ಸ್ ಬಂದದ್ದು ಓಪನಿಂಗ್ ಮೀಟ್ ದಿನ. ನವೆಂಬರ್ ಮೊದಲ ಭಾಗದಲ್ಲಿ ಬರುವ ಆ ದಿನದಿಂದ ಪೂರ್ತಿ ಉಡುಪು ಶುರು. ಅದಕ್ಕೂ ಮುಂಚಿನ ಶರತ್ಕಾಲದ ಸವಾರಿಗೆ ಟ್ವೀಡ್ ಕೋಟು ಸಾಕು. ಅವತ್ತು ನಾನು ಕಾರಿನಲ್ಲಿ ಹಿಂಬಾಲಿಸುವವರ ಜೊತೆ ಇದ್ದೆ. ಸವಾರಿ ಮುಗಿದು ಹಂಟ್ ಬ್ರೇಕ್‌ಫಾಸ್ಟ್ ನಡೆಯುತ್ತಿತ್ತು. ಹೆಸರು ಬ್ರೇಕ್‌ಫಾಸ್ಟ್, ಹೊತ್ತು ಮಧ್ಯಾಹ್ನ ಎರಡು. ಮಾಸ್ಟರ್ ಒಂದು ಹುಲ್ಲಿನ ಪಿಂಡಿ ಮೇಲೆ ಹತ್ತಿ ನಿಂತು ಜಮೀನಿನವರಿಗೆ ಥ್ಯಾಂಕ್ಸ್ ಹೇಳಿದರು, ಮುಂದಿನ ವಾರದ ಜಾಗ ಹೇಳಿದರು, ಅದೇ ದನಿಯಲ್ಲಿ ಟೀಚರ್ ಹೆಸರನ್ನೂ ಹೇಳಿದರು. ಭಾಷಣ ಇಲ್ಲ, ಹೊಗಳಿಕೆ ಇಲ್ಲ. ಕೈಗೆ ಕೊಟ್ಟದ್ದು ಒಂದು ಸಣ್ಣ ಪ್ಲಾಸ್ಟಿಕ್ ಚೀಲ. ಅದರೊಳಗೆ ಹಂಟ್‌ನ ಅಕ್ಷರ ಕೊರೆದ ಕಪ್ಪು ಗುಂಡಿಗಳು, ಮಡಚಿದ ಒಂದು ತುಂಡು ಆಕಾಶ ನೀಲಿ ಬಟ್ಟೆ. ಟೀಚರ್ ಕೈಯಲ್ಲಿ ಆಗಲೇ ತಟ್ಟೆ ಇತ್ತು. ತಟ್ಟೆ ಎಲ್ಲಿಡುವುದು ಅಂತ ಗೊತ್ತಾಗದೆ ಒದ್ದಾಡಿ, ಕೊನೆಗೆ ಚೀಲವನ್ನು ಆಲೂಗಡ್ಡೆ ಸಲಾಡ್ ಪಕ್ಕದಲ್ಲೇ ಇಟ್ಟುಕೊಂಡು ಚಪ್ಪಾಳೆಗೆ ತಲೆ ಬಾಗಿಸಿದರು. ಹೆಂಗಸರಿಗೆ ಸಾಮಾನ್ಯವಾಗಿ ಕಪ್ಪು ಕೋಟೇ, ಕಾಲರ್ ಮಾತ್ರ ಬದಲು. ದೂರದಿಂದ ನೋಡಿದರೆ ಏನೂ ಬದಲಾಗಿಲ್ಲ ಅನ್ನಿಸಬೇಕು.

ಇಲ್ಲಿ ನನಗೊಂದು ತಕರಾರಿದೆ. ಅಷ್ಟೇ ಕೆಲಸ ಮಾಡಿದ ಗಂಡಸಿಗೆ ಕೆಂಪು ಕೋಟು, ಹಿತ್ತಾಳೆ ಗುಂಡಿ, ಅಂಚಿಗೆ ಕಂದು ಪಟ್ಟಿಯಿರುವ ಬೂಟು, ರಾತ್ರಿಯ ಹಂಟ್ ಬಾಲ್ ಅನ್ನುವ ನೃತ್ಯಕೂಟಕ್ಕೆ ಬೇರೆಯದೇ ಕೆಂಪು ಟೇಲ್‌ಕೋಟು. ಹೆಂಗಸಿಗೆ ಕುತ್ತಿಗೆ ಸುತ್ತ ನಾಲ್ಕು ಬೆರಳು ಬಟ್ಟೆ. ಬಾಲ್‌ಗೆ ಗಂಡಸರ ಕೆಂಪಿನ ಜೊತೆ ಹೊಂದದೆ ಹೋದೀತು ಅಂತ ಹೆಂಗಸರು ಕಪ್ಪು, ಬಿಳಿ ಗೌನ್ ಹಾಕಿಕೊಂಡು ಬರುವ ರೂಢಿಯಂತೆ. ಹೆಂಗಸರು ಮಾಸ್ಟರ್ ಆದಾಗ, ಸಿಬ್ಬಂದಿಯಾದಾಗ ಕೆಂಪು ಹಾಕುವುದುಂಟು, ಈಗೀಗ ಕೆಲವು ಹಂಟ್‌ಗಳಲ್ಲಿ ಸದಸ್ಯೆಯರಿಗೂ ಬಿಡುತ್ತಿದ್ದಾರೆ. ಟೀಚರ್‌ಗೆ ಇದನ್ನು ಹೇಳಿದೆ. ‘ಕೆಂಪು ತೊಳೆಯೋದು ಯಾರು’ ಅಂದು ನಕ್ಕುಬಿಟ್ಟರು. ಆ ದಪ್ಪ ಉಣ್ಣೆಯ ಕೋಟು ಮಳೆ, ಬೆವರು ಕುಡಿದು ವರ್ಷಗಳಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಲ್ಲವರು ಹೊಸ ಕೆಂಪಿಗಿಂತ ಆ ಮಾಸಿದ ಕೆಂಪಿಗೇ ಜಾಸ್ತಿ ಬೆಲೆ ಕೊಡುತ್ತಾರೆ. ನನ್ನ ತಕರಾರು ನಗುವಿನಲ್ಲಿ ಹೋಗುವಂಥದ್ದಲ್ಲ, ಆದರೂ ಅವತ್ತು ಸುಮ್ಮನಾದೆ.

ಇನ್ನು ನರಿ. ಊರಲ್ಲಿ ಅಜ್ಜಿ ಏನಾದರೂ ಒಳ್ಳೆಯದಾದರೆ ‘ನರಿ ಮುಖ ನೋಡಿ ಎದ್ದಿದ್ಯಾ’ ಅನ್ನುತ್ತಿದ್ದರು. ಆ ನರಿಯನ್ನು ಅಟ್ಟಿಸಿಕೊಂಡು ಹೋಗುವವರ ಕಾಲರ್ ಬಗ್ಗೆ ಇಷ್ಟು ಬರೆಯುವುದು ಸರಿಯಾ ಅಂತ ನನಗೂ ಅನ್ನಿಸಿದೆ. ಅಮೆರಿಕದಲ್ಲಿ ಓಟವೇ ಗುರಿ, ಕೊಲ್ಲುವುದಲ್ಲ. ನರಿ ಬಿಲ ಸೇರಿದರೆ ಅವತ್ತಿಗೆ ಅದರ ಕಥೆ ಮುಗಿಯಿತು ಅಂತ ನಾಯಿಗಳನ್ನು ಕರೆದುಕೊಂಡು ಹೊರಡುತ್ತಾರೆ. ಕೊಲ್ಲುವುದೇ ಇಲ್ಲ ಅಂತ ಹೇಳಲಾರೆ. ನಾನೊಮ್ಮೆ ರಸ್ತೆ ಬದಿಯಲ್ಲಿ ನಿಂತಿದ್ದಾಗ ಒಂದು ನರಿ ನಾಯಿಗಳಿಗಿಂತ ಬಹಳ ಮುಂದೆ, ಆರಾಮಾಗಿ ಬಂದು, ಕಲ್ಲು ಗೋಡೆ ಮೇಲೆ ಹತ್ತಿ ಅದರ ಮೇಲೇ ಒಂದಷ್ಟು ದೂರ ಓಡಿ ಆಚೆ ಇಳಿಯಿತು. ನಾಯಿಗಳು ಆ ಗೋಡೆ ಹತ್ತಿರ ಬಂದು ವಾಸನೆ ಸಿಗದೆ ಗೊಂದಲಕ್ಕೆ ಬಿದ್ದವು. ಒಳಗೊಳಗೇ ಖುಷಿಯಾಯಿತು. ಇಂಗ್ಲೆಂಡ್, ವೇಲ್ಸ್‌ನಲ್ಲಿ ನಾಯಿಗಳನ್ನು ಛೂ ಬಿಟ್ಟು ನರಿ ಬೇಟೆಯಾಡುವುದು ಫೆಬ್ರವರಿ 2005ರಿಂದ ನಿಷೇಧ. ಅಲ್ಲಿ ಈಗ ಮೊದಲೇ ಎಳೆದ ವಾಸನೆಯ ಜಾಡು ಹಿಡಿದು ಓಡುತ್ತೇವೆ ಅನ್ನುತ್ತಾರೆ. ಅದೂ ನೆಪ ಅಂತ ವಿರೋಧಿಗಳು ಬೆನ್ನು ಬಿಟ್ಟಿಲ್ಲ. ಕೋಟು, ಕಾಲರ್, ಗುಂಡಿ ಮಾತ್ರ ಹಾಗೇ ಇವೆ. ಬೇಟೆ ಹೋದರೂ ಬಣ್ಣ ಉಳಿಯಿತು.

ನಮ್ಮ ಕರ್ನಾಟಕದ ಪಕ್ಕದಲ್ಲೇ ಇದರ ಉದಾಹರಣೆ ಇದೆ, ಊಟಿ. ಬ್ರಿಟಿಷರು 19ನೇ ಶತಮಾನದಲ್ಲಿ ಶುರು ಮಾಡಿದ ಊಟಿ ಹಂಟ್‌ನವರು ವೆನ್‌ಲಾಕ್ ಡೌನ್ಸ್‌ನ ಹುಲ್ಲು ಗುಡ್ಡಗಳಲ್ಲಿ ಓಡಿಸುತ್ತಿದ್ದದ್ದು ಗುಳ್ಳೆನರಿಯನ್ನು. ಮುಂದೆ ವನ್ಯಜೀವಿ ಕಾಯ್ದೆಯಿಂದಾಗಿ ಪ್ರಾಣಿಯ ಹಿಂದೆ ಓಡುವ ಕಾಲ ಮುಗಿಯಿತು. ಆದರೆ ಕೆಂಪು ಕೋಟು ಹೋಗಲಿಲ್ಲ, ಊಟಿ ಹತ್ತಿರದ ವೆಲ್ಲಿಂಗ್ಟನ್‌ನ ನಮ್ಮ ಸೇನಾಧಿಕಾರಿಗಳ ಮೈಮೇಲೆ ಮುಂದುವರಿಯಿತು.

ಮಿಡಲ್‌ಬರ್ಗ್ ಸುತ್ತಿನವರು ನೆಲ ಉಳಿಸಿದ ಕಥೆಯನ್ನೂ ಹೇಳಬೇಕು. 1993ರ ಕೊನೆಗೆ ಡಿಸ್ನಿ ಕಂಪನಿ ಇಲ್ಲೇ ಹತ್ತಿರದ ಹೇಮಾರ್ಕೆಟ್ ಬಳಿ ದೊಡ್ಡ ಥೀಮ್ ಪಾರ್ಕ್ ಮಾಡುತ್ತೇವೆ ಅಂತ ಘೋಷಿಸಿತು. ಇತಿಹಾಸಕಾರರ ಜೊತೆ ಕುದುರೆಯ ಜನವೂ ಎದ್ದು ನಿಂತರು. ಒಂದು ವರ್ಷ ತುಂಬುವ ಮುಂಚೆ ಡಿಸ್ನಿ ಕೈಬಿಟ್ಟಿತು. ತಮ್ಮ ಆಟಕ್ಕಾಗಿ ಮಾಡಿದರು, ದುಡ್ಡಿತ್ತು ಮಾಡಿದರು ಅನ್ನಬಹುದು, ನಾನೂ ಅನ್ನುತ್ತೇನೆ. ಆದರೂ ವಾರವಿಡೀ ಸರ್ವರ್ ಕಟ್ಟಡಗಳ ನಡುವೆ ಓಡಾಡುವವಳಿಗೆ ಆ ಹುಲ್ಲುಗಾವಲು ಇನ್ನೂ ಅಲ್ಲಿದೆ ಅನ್ನುವುದು ಸಣ್ಣ ಮಾತಲ್ಲ. ಡೇಟಾ ಸೆಂಟರಿಗೆ ನೆಲ ಹುಡುಕುವ ಕೆಲಸದಲ್ಲಿ ನನ್ನ ಕಂಪನಿಗೂ ಪಾಲಿದೆ.

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಅಪ್ರೈಸಲ್. ಗುರಿ ಏನು, ಎಷ್ಟು ಮುಟ್ಟಿದೆ, ಐದಕ್ಕೆ ಎಷ್ಟು ಅಂತ ನಾವೇ ಬರೆದುಕೊಳ್ಳಬೇಕು. ಅದರ ಸುಳ್ಳುಗಳು ಎಲ್ಲರಿಗೂ ಗೊತ್ತು. ಕಲರ್ಸ್‌ನಲ್ಲಿ ಅಂಥದ್ದೇನೂ ಇಲ್ಲ ಅಂತ ಮೊದಮೊದಲು ನನಗೆ ಭಾರಿ ಮೆಚ್ಚುಗೆ. ಯಾರೋ ನೋಡುತ್ತಿರುತ್ತಾರೆ, ಒಂದು ದಿನ ಕರೆದು ಕೊಡುತ್ತಾರೆ, ಎಷ್ಟು ಚಂದ ಅಲ್ವಾ? ಆದರೆ ನೋಡುವವರು ನೋಡದೆ ಹೋದರೆ? ಮಾಸ್ಟರ್ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾಕೆ ಇಲ್ಲ ಅಂತ ಕೇಳುವ ಜಾಗವೇ ಇಲ್ಲ. ಅಪ್ರೈಸಲ್ ಫಾರಂ ಕೆಟ್ಟದ್ದಿರಬಹುದು, ಅದನ್ನು ಮುಂದಿಟ್ಟುಕೊಂಡು ಜಗಳವನ್ನಾದರೂ ಆಡಬಹುದು.

ಹಾಗೆ ನೋಡುವವರ ಕಣ್ಣಿಗೆ ಬೀಳದೆ ಹೋದ ಒಬ್ಬರು ಟೀಚರ್ ಜೊತೆಯಲ್ಲೇ ಇದ್ದರು. ಕುದುರೆಗಳಿಗೆ ಲಾಳ ಹೊಡೆಯುವ ಕೆಲಸ, ಅವರಷ್ಟು ಚೆನ್ನಾಗಿ ಸವಾರಿ ಮಾಡುವವರು ಆ ಹಂಟ್‌ನಲ್ಲಿ ಇರಲಿಲ್ಲ. ಕೆಲಸದ ದಿನಗಳಿಗೂ ಬರುತ್ತಿದ್ದರು. ಬಾಯಿ ಮಾತ್ರ ಸ್ವಲ್ಪ ಒರಟು, ಮಾಸ್ಟರ್ ಮಾಡಿದ್ದು ತಪ್ಪು ಅನ್ನಿಸಿದರೆ ಎಲ್ಲರೆದುರೇ ಹೇಳಿಬಿಡುತ್ತಿದ್ದರು. ಟೀಚರ್‌ಗೆ ಚೀಲ ಸಿಕ್ಕ ದಿನ ಮೊದಲು ಬಂದು ಕೈ ಕುಲುಕಿದವರು ಅವರೇ. ‘ನಿಮಗೆ ಯಾಕೆ ಕೊಡಲಿಲ್ಲ’ ಅಂತ ನಾನು ಹೊರಗಿನವಳ ಧೈರ್ಯದಲ್ಲಿ ಕೇಳಿಯೇಬಿಟ್ಟೆ. ‘ನನ್ನ ಲಾಳ ಅವರ ಕುದುರೆಗಳ ಕಾಲಲ್ಲಿದೆಯಲ್ಲ, ಸಾಕು’ ಅಂದರು. ಸಾಕು ಅನ್ನುವ ಮುಖ ಇರಲಿಲ್ಲ. ಟೀಚರ್ ಆಮೇಲೆ ಮಾಸ್ಟರ್ ಹತ್ತಿರ ಅವರ ಪರವಾಗಿ ಮಾತಾಡಿದರಂತೆ. ಹಾಗೆ ಮಾತಾಡುವುದೂ ರೂಢಿಯಲ್ಲ, ಆದರೆ ಬಣ್ಣ ಹಾಕಿದವರ ಮಾತಿಗೆ ಸ್ವಲ್ಪ ತೂಕ ಇರುತ್ತದೆ ಅಂದುಕೊಂಡಿದ್ದರು. ಮಾಸ್ಟರ್ ಕೇಳಿಸಿಕೊಂಡು ಹವಾಮಾನದ ವಿಷಯ ತೆಗೆದರು.

ಮುಂದಿನ ಸೀಸನ್‌ಗೆ ಲಾಳ ಹೊಡೆಯುವ ಆತ ಪಕ್ಕದ ಕೌಂಟಿಯ ಹಂಟ್ ಸೇರಿದರು. ಹೊಸ ಜಾಗ ಅಂದರೆ ಎಲ್ಲ ಮೊದಲಿನಿಂದ, ಸಾದಾ ಕಪ್ಪು ಕೋಟು, ಸಾದಾ ಕಾಲರ್. ಅಲ್ಲಿನ ಮಾಸ್ಟರ್ ಒಬ್ಬ ಹೆಂಗಸು, ಆಕೆಯ ಬಾಯಿಯೂ ಒರಟೇ ಅಂತೆ, ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿದೆ ಅಂತ ಟೀಚರ್ ಹೇಳಿದರು. ಇವರ ಹಂಟ್‌ನಲ್ಲಿ ಈಗ ಲಾಳ ಹೊಡೆಯುವವರು ಸಿಗುತ್ತಿಲ್ಲ.